ಆರು ದಿನದ ಔಷಧ

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಮುಂಬಯಿ ಬಳಿಯ ಕಳವಾ ಊರಿನ ಪೊಲೀಸ್ ಠಾಣೆಗೆ ಇಬ್ಬರು ದೂರುದಾರರು ಬಂದರು. ಒಬ್ಬರು ಖಾರೇಗಾಂವ್ ರಸ್ತೆಯ ಧರ್ಮಾರ್ಥ ಆಸ್ಪತ್ರೆಯ ಆಡಳಿತಾಧಿಕಾರಿ. ಇನ್ನೊಬ್ಬರು ಅಲ್ಲಿಯ ಸ್ಟಾಫ್ ನರ್ಸ್ ಶ್ರೀಲಕ್ಷ್ಮಿ. ಎರಡನೇ ಮಹಡಿಯ ವಾರ್ಡಿನ ಫ್ರಿಜ್ಜಿನಲ್ಲಿಟ್ಟಿದ್ದ ಇಂಜೆಕ್ಷನ್ ಔಷಧದ ಹದಿನೆಂಟು ಸಣ್ಣ ಬಾಟಲಿಗಳು ಕಾಣೆಯಾಗಿದ್ದವು.

ಇನ್ಸ್‌ಪೆಕ್ಟರ್ ಮುಕ್ತಾ ಸಾಲ್ಯಾನ್ ದೂರು ಬರೆದುಕೊಳ್ಳಲು ಕುಳಿತರು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮುಕ್ತಾ ಮನೆಯಲ್ಲಿ ತುಳು, ಠಾಣೆಯಲ್ಲಿ ಮರಾಠಿ ಮಾತಾಡುತ್ತಿದ್ದರು. ಶ್ರೀಲಕ್ಷ್ಮಿ ಉಡುಪಿ ಕಡೆಯವರೆಂದು ತಿಳಿದ ಮೇಲೆ ಕನ್ನಡದಲ್ಲೇ ಕೇಳಿದರು.

"ಕೊನೆಗೆ ಎಣಿಸಿದ್ದು ಯಾವಾಗ?"

"ನಿನ್ನೆ ರಾತ್ರಿ ಎಂಟಕ್ಕೆ ಡ್ಯೂಟಿ ಬಿಡುವಾಗ ನಾನೇ ಎಣಿಸಿದ್ದೇನೆ ಮೇಡಂ. ಹದಿನೆಂಟು ಇತ್ತು. ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಒಂದೂ ಇಲ್ಲ."

"ಯಾರಿಗೆ ಇಟ್ಟದ್ದು?"

"ಬೆಡ್ ನಂಬರ್ ಹದಿನಾಲ್ಕು. ದಿನಕ್ಕೆ ಮೂರು. ಆರು ದಿನಕ್ಕೆ ಬರ್ತಿತ್ತು."

"ಇವತ್ತಿನದು?"

"ಅದೂ ಅದರಲ್ಲೇ ಇತ್ತು."

ಕಟ್ಟಡದೊಳಗಿನ ಕಳ್ಳತನಕ್ಕೆ ಅನ್ವಯಿಸುವ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ರೋಗಿಯ ಕಾಯಿಲೆ ಯಾವುದೆಂದು ಎಫ್‌ಐಆರ್‌ನಲ್ಲಿ ಬರೆಯಬೇಡಿ ಎಂದು ಆಡಳಿತಾಧಿಕಾರಿ ಕೇಳಿಕೊಂಡರು. ಮುಕ್ತಾ ಬರೆಯಲಿಲ್ಲ.

10.35ಕ್ಕೆ ಅವರು ಹೆಡ್ ಕಾನ್‌ಸ್ಟೆಬಲ್ ಜೈಭೀಮ ಕಟ್ಟಿಮನಿಯ ಜೊತೆ ಆಸ್ಪತ್ರೆಗೆ ಬಂದರು. ಜೈಭೀಮನ ತಂದೆ ಕಲಬುರಗಿಯಿಂದ ಬಂದು ಕಳವಾ ರೈಲ್ವೆ ಕಾರ್‌ಶೆಡ್ಡಿನ ಹಿಂದೆ ಖೋಲಿ ಹಿಡಿದಿದ್ದವರು. ಆ ಕಡೆಯ ಪ್ರತಿ ಓಣಿಯೂ ಅವನಿಗೆ ಗೊತ್ತಿತ್ತು.

ಫ್ರಿಜ್ಜು ನರ್ಸುಗಳ ಮೇಜಿನ ಹಿಂದಿತ್ತು. ಬೀಗ ಒಡೆದಿರಲಿಲ್ಲ. ಕೀ ಔಷಧದ ಟ್ರಾಲಿಯ ಮೊಳೆಯಲ್ಲೇ ತೂಗುತ್ತಿತ್ತು. ಕಾರಿಡಾರಿನ ಕ್ಯಾಮೆರಾ ಲಿಫ್ಟಿನ ಕಡೆ ಮುಖಮಾಡಿತ್ತು. ಅದರಲ್ಲಿ ರಾತ್ರಿ ಹೊರಗಿನವರಾರೂ ಕಾಣಲಿಲ್ಲ; ಬೆಳಿಗ್ಗೆ ಆರರಿಂದ ಎಂಟರೊಳಗೆ ಹನ್ನೊಂದು ಜನ ಒಳಗೆ ಹೋಗಿ ಬಂದಿದ್ದರು. ಇಬ್ಬರು ನರ್ಸುಗಳು, ಗುಡಿಸುವ ಮೂವರು ಹೆಂಗಸರು, ರೋಗಿಗಳ ನಾಲ್ವರು ಸಂಬಂಧಿಕರು, ಚಹಾ ತಂದ ಕ್ಯಾಂಟೀನಿನವರು, ರಕ್ತ ತೆಗೆಯುವವನು. ಎಲ್ಲರೂ ದಿನವೂ ಬರುವವರೇ.

ಸ್ಥಳದ ಪಂಚನಾಮೆಗೆ ಸಾಕ್ಷಿಗಳಾಗಿ ಇಬ್ಬರು ಪಂಚರು ಬೇಕಿತ್ತು. ಪಕ್ಕದ ವಾರ್ಡಿನ ಒಬ್ಬ ಗುಮಾಸ್ತ ಸಿಕ್ಕ. ಇನ್ನೊಬ್ಬರಾಗಿ ಆಸ್ಪತ್ರೆಯ ಕ್ಯಾಂಟೀನ್ ನಡೆಸುವ ಮುರಾರಿ ಉಡುಪರನ್ನು ಕರೆದರು. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಇಡ್ಲಿ, ಉಪ್ಪಿಟ್ಟು, ಗಂಜಿ ಕೊಡುತ್ತಿದ್ದವರು. ಅವರು ಕೈ ಒರೆಸಿಕೊಂಡು ಬಂದು, ಪೂರ್ತಿ ಓದಿ, ಕನ್ನಡದಲ್ಲಿ ಸಹಿ ಹಾಕಿದರು.

"ಮೇಡಂ, ಹೊಸ ಔಷಧ ಯಾವಾಗ ಬರ್ತದಂತೆ?" ಎಂದು ಕೇಳಿದರು.

"ಗುರುವಾರ ಅಂತಾರೆ."

"ಗುರುವಾರವಾ?" ಎಂದು ಇನ್ನೊಮ್ಮೆ ಕೇಳಿ ಕೆಳಗಿಳಿದು ಹೋದರು.

ಫ್ರಿಜ್ಜಿನ ಬಾಗಿಲ ಮೇಲೆ ಟೇಪಿನ ತುಂಡುಗಳಿದ್ದವು. ಅಲ್ಲೊಂದು ಹಾಳೆ ಅಂಟಿಸಿದ್ದರು. ಯಾರೋ ಅವಸರದಲ್ಲಿ ಕಿತ್ತಿದ್ದರಿಂದ ಕೆಳಗಿನ ಎರಡು ಬೆರಳಗಲದ ಪಟ್ಟಿ ಮಾತ್ರ ಉಳಿದಿತ್ತು. ಅದರಲ್ಲಿ ಇಂಗ್ಲಿಷಿನ ಒಂದೇ ಸಾಲಿತ್ತು: ಔಷಧ ಹೆಪ್ಪುಗಟ್ಟಬಾರದು.

"ಈ ಹಾಳೆಯಲ್ಲಿ ಏನಿತ್ತು?"

ಶ್ರೀಲಕ್ಷ್ಮಿ ಅದನ್ನು ಗಮನಿಸಿದ್ದೇ ಆಗ. "ಔಷಧ ಹೇಗೆ ಬೆರೆಸಬೇಕು, ಎಷ್ಟು ಹೊತ್ತಿನಲ್ಲಿ ಹಾಕಬೇಕು ಅಂತ ಬರೆದಿತ್ತು ಮೇಡಂ. ಹೊಸ ಹುಡುಗಿಯರಿಗೆ ಗೊತ್ತಾಗಲಿ ಅಂತ ನಾನೇ ಅಂಟಿಸಿದ್ದು."

ಮುಕ್ತಾ ಆ ಪಟ್ಟಿಯನ್ನು ಲಕೋಟೆಗೆ ಹಾಕಿಸಿ ಸೀಲು ಮಾಡಿಸಿದರು. ಕಾರಿಡಾರಿಗೆ ಬರುವಾಗ ಜೈಭೀಮ ಹೇಳಿದ, "ಬ್ಲ್ಯಾಕಿನಾಗ ಮಾರಾಕ ಒಯ್ದಾರ್ರೀ ಮೇಡಂ. ಕರೋನಾ ಟೈಮಿನಾಗ ಇದ ಔಷಧ ಕಳ್ಳಪ್ಯಾಟ್ಯಾಗ ಮಾರಿದ್ರು."

"ಮಾರುವವನಿಗೆ ಬೆರೆಸುವ ಹಾಳೆ ಯಾಕೆ ಬೇಕು?"



ವಾರ್ಡಿನ ಹೊರಗೆ ನೆಲದ ಮೇಲೆ ಭೀಮಮ್ಮ ಕುಳಿತಿದ್ದಳು. ಹದಿನಾಲ್ಕನೇ ಬೆಡ್ಡಿನ ವಿಠಲನ ತಾಯಿ. ಮಗನಿಗೆ ಇಪ್ಪತ್ತೊಂಬತ್ತು ವರ್ಷ. ವಾಶಿಯ ಗೋದಾಮುಗಳಲ್ಲಿ ಚೀಲ ಹೊರುವ ಕೆಲಸ. ಸುದ್ದಿ ತಿಳಿದು ರಾಯಚೂರು ಕಡೆಯ ಹಳ್ಳಿಯಿಂದ ಬಂದು ಆಕೆಗೆ ಹನ್ನೆರಡು ದಿನವಾಗಿತ್ತು. ಪೊಲೀಸರನ್ನು ನೋಡಿ ಎದ್ದು ನಿಂತಳು.

"ನನ್ ಮಗಗ ಇವತ್ತಿನ ಸೂಜಿ ಹಾಕಿಲ್ರೀ ಯವ್ವಾ."

"ಗೊತ್ತಾಯ್ತಮ್ಮ. ಹುಡುಕ್ತಿದ್ದೇವೆ."

"ನಿನ್ನಿ ಕಣ್ ತೆರದು ನನ್ನ ಗುರ್ತ ಹಿಡದಿದ್ದ. ಅವ್ವಾ ಅಂದ. ಸೂಜಿ ಕದ್ದು ಏನ್ ಮಾಡ್ತಾರ್ರೀ? ತಿನ್ನಾಕ ಬರ್ತೈತೇನು, ಉಡಾಕ ಬರ್ತೈತೇನು?"

ಮುಕ್ತಾ ಡಾಕ್ಟರ ಕೋಣೆ ಎಲ್ಲಿದೆ ಎಂದು ವಿಚಾರಿಸಿ ಅತ್ತ ನಡೆದರು.

ವಿಠಲನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಂಜನಾ ತಮ್ಮ ಕೋಣೆಯಲ್ಲಿ ಫೋನ್ ಹಿಡಿದು ಒಂದರ ನಂತರ ಒಂದು ಆಸ್ಪತ್ರೆಗೆ ಕರೆ ಮಾಡುತ್ತಿದ್ದರು. ಠಾಣೆ ನಗರದಲ್ಲಿ ಇಲ್ಲ, ಕಲ್ಯಾಣದಲ್ಲಿ ಇಲ್ಲ, ನವಿ ಮುಂಬಯಿಯಲ್ಲೂ ಇಲ್ಲ. ಫೋನ್ ಕೆಳಗಿಟ್ಟು ಮರಾಠಿಯಲ್ಲಿ ವಿವರಿಸಿದರು.

ವಿಠಲ ಮೂರು ವರ್ಷದಿಂದ ಎಂ.ಡಿ. ಎಂಬ ಮಾದಕವಸ್ತು ತೆಗೆದುಕೊಳ್ಳುತ್ತಿದ್ದ. ನಿದ್ದೆ, ಹಸಿವು, ದಣಿವು ಮೂರನ್ನೂ ಓಡಿಸುವ ಬಿಳಿ ಪುಡಿ ಅದು. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಬಂತು. ಅದು ಗೊತ್ತಾಗುವಷ್ಟರಲ್ಲಿ ದೇಹದ ಕಾವಲು ಕುಸಿದಿತ್ತು. ಗಟ್ಟಿಯಾಗಿರುವವರನ್ನು ಏನೂ ಮಾಡಲಾಗದೆ, ದುರ್ಬಲರಾದವರನ್ನೇ ಕಾದು ಹಿಡಿಯುವ ಸೋಂಕುಗಳಿವೆ. ಅವಕ್ಕೆ ಅವಕಾಶವಾದಿ ಸೋಂಕು ಎನ್ನುತ್ತಾರೆ. ಪಾರಿವಾಳದ ಹಿಕ್ಕೆಯಲ್ಲಿ, ಧೂಳಿನಲ್ಲಿ ಇರುವ ಒಂದು ಶಿಲೀಂಧ್ರ ನಮ್ಮೆಲ್ಲರ ಶ್ವಾಸಕೋಶಕ್ಕೂ ಹೋಗಿ ಸಾಯುತ್ತದೆ. ವಿಠಲನಲ್ಲಿ ಅದು ಸಾಯಲಿಲ್ಲ, ಮೆದುಳಿನ ಪೊರೆಗೆ ಏರಿತು.

"ಈ ಔಷಧ ಇಲ್ಲದಿದ್ದರೆ?"

"ಮಾತ್ರೆ ಕೊಡುತ್ತಿದ್ದೇನೆ. ಬೆನ್ನಿನಿಂದ ನೀರು ತೆಗೆದು ತಲೆಯ ಒತ್ತಡ ಇಳಿಸುತ್ತಿದ್ದೇನೆ. ಆದರೆ ಇವತ್ತು ನಾಲ್ಕನೇ ದಿನ. ಈಗ ನಿಲ್ಲಿಸಬಾರದಿತ್ತು."

"ಕದ್ದವನು ಇದನ್ನು ಬಳಸಬೇಕಾದರೆ ಜೊತೆಗೆ ಇನ್ನೇನು ಬೇಕು?"

ಸಂಜನಾ ತಲೆಯೆತ್ತಿದರು. "ಡೆಕ್ಸ್‌ಟ್ರೋಸ್ ಬಾಟಲಿ, ಐದು ಪರ್ಸೆಂಟಿನದು. ಮಾಮೂಲಿ ಸಲೈನಿನಲ್ಲಿ ಬೆರೆಸಿದರೆ ಔಷಧ ಒಡೆದುಹೋಗುತ್ತದೆ. ಡ್ರಿಪ್ ಸೆಟ್ ಬೇಕು. ಮತ್ತೆ, ನರ ಹುಡುಕಿ ಸೂಜಿ ಹಾಕಲು ಬರುವವನೊಬ್ಬ ಬೇಕು."

ಆ ಮೂರನ್ನೂ ಮುಕ್ತಾ ಡೈರಿಯಲ್ಲಿ ಬರೆದುಕೊಂಡರು. ಹೊರಗೆ ಎಲ್ಲೋ ಇದೇ ಕಾಯಿಲೆಯ ಇನ್ನೊಬ್ಬ ರೋಗಿಯಿದ್ದಾನೆ. ಅವನನ್ನು ಯಾರೋ ಮನೆಯಲ್ಲೇ ಅಡಗಿಸಿಟ್ಟಿದ್ದಾರೆ.

ಮಧ್ಯಾಹ್ನ 2ರಿಂದ 5ರವರೆಗೆ ಈ ಶಿಲೀಂಧ್ರದ ಪರೀಕ್ಷೆ ಮಾಡುವ ಮೂರು ಲ್ಯಾಬುಗಳಿಗೆ ಹೋದರು. ಮೂರರಲ್ಲೂ ಒಂದೇ ಉತ್ತರ: ಕೋರ್ಟಿನ ಆದೇಶವಿಲ್ಲದೆ ಎಚ್‌ಐವಿ ರೋಗಿಯ ಹೆಸರು ಕೊಡುವಂತಿಲ್ಲ. ಕಾನೂನು ಹಾಗೇ ಇತ್ತು. ಮುಕ್ತಾ ಕೋರ್ಟಿಗೆ ಅರ್ಜಿ ಬರೆಸಿದರು. ಆದೇಶ ಸಿಗಲು ಎರಡು ದಿನವಾದರೂ ಬೇಕು. ಕಾಯದೆ, ಮೆಡಿಕಲ್ ಅಂಗಡಿಗಳ ಪಟ್ಟಿ ಮಾಡಿಸಿ ಜೈಭೀಮನಿಗೂ ಇನ್ನಿಬ್ಬರು ಕಾನ್‌ಸ್ಟೆಬಲ್‌ಗಳಿಗೂ ಹಂಚಿದರು. ಕಳವಾ, ಠಾಣೆ ನಗರ, ಮಾಜಿವಾಡಾ, ಮುಂಬ್ರಾ, ಡೊಂಬಿವಲಿ. ಮಂಗಳವಾರ ಬೆಳಿಗ್ಗೆಯ ನಂತರ ಡೆಕ್ಸ್‌ಟ್ರೋಸ್ ಮತ್ತು ಡ್ರಿಪ್ ಸೆಟ್ ಒಟ್ಟಿಗೆ ಕೊಂಡವರು ಯಾರು, ಅಷ್ಟೇ ಪ್ರಶ್ನೆ.

ಸಂಜೆ ಠಾಣೆಗೆ ಮರಳಿದ ಜೈಭೀಮ ಬೂಟು ಬಿಚ್ಚುತ್ತ ತಾನಾಗಿಯೇ ವಿಠಲನ ಮಾತು ತೆಗೆದ. "ಅವನ ಖೋಲಿ ನೋಡೀನ್ರೀ. ಎರಡ್ ಪಾಳಿ ಚೀಲ ಹೊರಾಕ ಮೈಯಾಗ ಕಸುವು ಬೇಕಲ್ಲ. ಮೊದಲ ಮೂಗಿನಾಗ ಏರಿಸ್ಕೋತಾರ. ಆಮ್ಯಾಲ ಅದು ಸಾಲಂಗಿಲ್ಲ, ನೀರಾಗ ಕಲಸಿ ನರಕ್ಕ ಹಾಕ್ತಾರ. ಐದ್ ಮಂದಿಗಿ ಒಂದ ಸೂಜಿ."

"ಆ ಐವರಲ್ಲಿ ಉಳಿದ ನಾಲ್ವರು?"

"ಒಬ್ಬ ಊರಿಗಿ ಹೋಗಿ ಸತ್ತಾನ. ಮೂರ್ ಮಂದಿ ಇವತ್ತೂ ಡ್ಯೂಟಿಗಿ ಹೋಗ್ಯಾರ್ರೀ."

ಫೆಬ್ರವರಿ 12, ಬುಧವಾರ. ಬೆಳಿಗ್ಗೆ ಸಂಜನಾ ಫೋನ್ ಮಾಡಿದರು. ವಿಠಲನಿಗೆ ಒಂದು ಕಣ್ಣು ಕಾಣಿಸುತ್ತಿಲ್ಲ. ತಾಯಿಯ ಗುರುತು ಸಿಗುತ್ತಿಲ್ಲ.

12.50ಕ್ಕೆ ಡೊಂಬಿವಲಿ ಪೂರ್ವದಿಂದ ಜೈಭೀಮನ ಕರೆ ಬಂತು. ಮೂವತ್ತೊಂದನೇ ಅಂಗಡಿಯಲ್ಲಿ ಸಿಕ್ಕಿತ್ತು. ಮಂಗಳವಾರ ಮಧ್ಯಾಹ್ನ 1.10ಕ್ಕೆ ಕಪ್ಪು ಟೀಶರ್ಟಿನ ಯುವಕನೊಬ್ಬ ಆರು ಡೆಕ್ಸ್‌ಟ್ರೋಸ್ ಬಾಟಲಿ ಮತ್ತು ಆರು ಡ್ರಿಪ್ ಸೆಟ್ ಕೊಂಡಿದ್ದ. ಮನೆಯಲ್ಲಿ ಅಜ್ಜಿಗೆ ಹಾಕಬೇಕೆಂದು ಮೊಬೈಲಿನಲ್ಲಿ ಡಾಕ್ಟರ ಹಳೆಯ ಚೀಟಿಯ ಫೋಟೋ ತೋರಿಸಿದ್ದ. ಫೋನಿನಿಂದಲೇ ಹಣ ಕಟ್ಟಿದ್ದ. ಅಂಗಡಿಯವನ ಫೋನಿನಲ್ಲಿ ಹೆಸರಿತ್ತು: ಲಕ್ಷ್ಮೀಕಾಂತ.

ನಂಬರಿನ ಜಾಡು ನವಿ ಮುಂಬಯಿಯ ಐರೋಲಿಗೆ, ಒಂದು ಖಾಸಗಿ ಕಂಪನಿಯ ಕಚೇರಿಗೆ ಕರೆದೊಯ್ಯಿತು. 3.30ಕ್ಕೆ ಅವನನ್ನು ಗೇಟಿನ ಹತ್ತಿರದ ಸೆಕ್ಯುರಿಟಿ ಕೋಣೆಗೆ ಕರೆಸಿದರು. ಇಪ್ಪತ್ತೆಂಟು ವರ್ಷದವನು. ಹೆತ್ತವರು ಕನ್ನಡದವರಾದರೂ ಇಲ್ಲೇ ಹುಟ್ಟಿದ್ದರಿಂದ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಹಿಂದಿಯೇ ಬರುತ್ತಿತ್ತು. ಅಂಗಿ ಅವನಿಗಿಂತ ಎರಡು ಸೈಜು ದೊಡ್ಡದಾಗಿತ್ತು.

"ಡೆಕ್ಸ್‌ಟ್ರೋಸ್ ಯಾರಿಗೆ ಕೊಂಡೆ?"

"ನಾನಿ ಕೇ ಲಿಯೇ, ಮ್ಯಾಡಮ್."

"ಅಜ್ಜಿ ಎಲ್ಲಿದ್ದಾರೆ?"

ಅವನು ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ. ಜೈಭೀಮ ನೀರು ಕೊಟ್ಟ.

"ತೋಳು ತೋರಿಸು."

ಅವನು ಅಂಗಿಯ ತೋಳು ಮಡಚಿ ತೋರಿಸಿದ. ಮೊಣಕೈಯ ಒಳಮಗ್ಗುಲಲ್ಲಿ ಒಣಗಿದ ಚುಕ್ಕೆಗಳ ಸಾಲಿತ್ತು.

"ಈಗ್ಲೂ ತಗೊಳ್ತೀಯಾ?"

"ಏಕ್ ಸಾಲ್ ಸೇ ಬಂದ್ ಹೈ."

"ಒಂದು ವರ್ಷದಿಂದ ಬಿಟ್ಟಿದ್ದೀಯ, ಸರಿ. ಔಷಧ ಎಲ್ಲಿದೆ?"

ಅವನು ಗೋಡೆಯ ಗಡಿಯಾರ ನೋಡಿದ. ಆಮೇಲೆ ತಡವರಿಸುವ ಕನ್ನಡದಲ್ಲಿ ಹೇಳಿದ, "ಮ್ಯಾಡಮ್, ಅರೆಸ್ಟ್ ಮಾಡಿ. ಆದ್ರೆ ಆರು ಗಂಟೆಗೆ ಅವಳಿಗೆ ಡ್ರಿಪ್ ಹಾಕಬೇಕು. ನಾನು ಹೋಗಲೇಬೇಕು."

"ಯಾರಿಗೆ?"

"ರಮಿತಾ."

ಅಲ್ಲಿಂದ ಮುಂದೆ ಅವನು ಏನನ್ನೂ ಮುಚ್ಚಿಡಲಿಲ್ಲ. ರಮಿತಾ ಇದೇ ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಮಾಜಿವಾಡಾದ ಗೆಳೆಯನೊಬ್ಬನ ಫ್ಲ್ಯಾಟಿನಲ್ಲಿ ಶನಿವಾರ ಎಲ್ಲರೂ ಸೇರುತ್ತಿದ್ದರು. ಎಂ.ಡಿ.ಯನ್ನು ಅವಳಿಗೆ ಮೊದಲು ಕೊಟ್ಟವನು ಲಕ್ಷ್ಮೀಕಾಂತನೇ. ಮೊದಲು ಮೂಗಿಗೆ, ಆರು ತಿಂಗಳ ನಂತರ ನರಕ್ಕೆ. ಅವಳಿಗೆ ಸೂಜಿ ಕಂಡರೆ ಹೆದರಿಕೆ, ಹಾಕುತ್ತಿದ್ದವನು ಇವನು. ಒಂದು ರಾತ್ರಿ ಹೊಸ ಸಿರಿಂಜು ಮುಗಿದಿತ್ತು. ಇದ್ದದ್ದನ್ನೇ ತೊಳೆದು ಬಳಸಿದ್ದರು. ಈಗ ಅವಳಿಗೆ ಮೂರು ವಾರದಿಂದ ತಲೆ ಸಿಡಿಯುವ ನೋವು. ಬೆಳಕು ಕಂಡರೆ ಕಿರುಚುತ್ತಾಳೆ.

"ನಿನ್ನ ರಕ್ತ ಪರೀಕ್ಷೆ ಆಗಿದೆಯಾ?"

"ಮಾಡಿಸಿಲ್ಲ. ಗೊತ್ತಿದೆಯಲ್ಲ."

"ಔಷಧ ಕದ್ದದ್ದು ನೀನಾ?"

"ನಹೀ. ಅಂಕಲ್ ತಂದ್ರು. ಅವಳ ಪಪ್ಪಾ. ಮೊದಲು ನನ್ನನ್ನು ಹೊಡೆಯೋಕೆ ಬಂದಿದ್ರು. ಸೋಮವಾರ ಅವರೇ ಫೋನ್ ಮಾಡಿದ್ರು. ಯಾವ ನರ್ಸೂ ಮನೆಗೆ ಬಂದು ಈ ಕೆಲಸ ಮಾಡಲ್ಲ ಅಂದ್ರು. 'ನನ್ನ ಮಗಳ ನರ ನಿನಗೆ ಗೊತ್ತಲ್ಲ, ಬಾ' ಅಂದ್ರು."



"ಅಂಕಲ್ ಹೆಸರು?"

"ಮುರಾರಿ. ಆಸ್ಪತ್ರೆ ಕ್ಯಾಂಟೀನ್ ಅವರದ್ದೇ."

ಮುಕ್ತಾ ಫೈಲು ತೆಗೆದು ಮಂಗಳವಾರದ ಪಂಚನಾಮೆ ನೋಡಿದರು. ಕೊನೆಯ ಪುಟದಲ್ಲಿ ಎರಡನೇ ಪಂಚನ ಸಹಿ ದುಂಡಗೆ, ಸ್ಪಷ್ಟವಾಗಿತ್ತು. ಕದ್ದವನಿಂದಲೇ ಸಾಕ್ಷಿಯ ಸಹಿ ಹಾಕಿಸಿಕೊಂಡದ್ದಕ್ಕೆ ಮೇಲಿನವರಿಗೆ ಲಿಖಿತ ವಿವರಣೆ ಕೊಡಬೇಕಾಗುತ್ತದೆ. ಅದನ್ನು ಆಮೇಲೆ ನೋಡಿಕೊಂಡರಾಯಿತು. ಅವರು ಸಂಜನಾರಿಗೆ ಫೋನ್ ಮಾಡಿ ಡೊಂಬಿವಲಿಗೆ ಆಂಬುಲೆನ್ಸ್ ಕಳಿಸಲು ಹೇಳಿದರು.

ಜೀಪು ಮಹಾಪೆ ದಾಟಿ ಶಿಳಫಾಟಾದಲ್ಲಿ ನಲವತ್ತು ನಿಮಿಷ ನಿಂತಿತು. ಮುಂದೆ ಕಂಟೇನರ್ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ಲಕ್ಷ್ಮೀಕಾಂತ ಎರಡು ಸಲ ಟೈಮೆಷ್ಟು ಎಂದು ಕೇಳಿದ. ಎರಡು ಸಲವೂ ಜೈಭೀಮ ಹೇಳಿದ.

5.55ಕ್ಕೆ ಡೊಂಬಿವಲಿ ಪೂರ್ವದ ಒಂದು ಹಳೆಯ ಸೊಸೈಟಿ. ಸ್ಥಳೀಯ ಠಾಣೆಯ ಇಬ್ಬರು ಸಿಬ್ಬಂದಿ ಗೇಟಿನಲ್ಲಿ ಕಾಯುತ್ತಿದ್ದರು. ಸೊಸೈಟಿಯ ಕಾರ್ಯದರ್ಶಿ ಮತ್ತು ಕೆಳಗಿನ ಮನೆಯ ಒಬ್ಬ ಶಿಕ್ಷಕಿಯನ್ನು ಪಂಚರಾಗಿ ಕರೆದುಕೊಂಡು ಮೂರನೇ ಮಹಡಿ ಹತ್ತಿದರು. ಬಾಗಿಲು ತೆರೆದವರು ಮುರಾರಿಯವರ ಹೆಂಡತಿ ಪದ್ಮಾವತಿ. ಸಮವಸ್ತ್ರ ಕಂಡು ಹಿಂದೆ ಸರಿದರು. ಆಮೇಲೆ ಲಕ್ಷ್ಮೀಕಾಂತನನ್ನು ನೋಡಿ, "ಬಂದಿಯಾ? ಆಗಿನಿಂದ ಕಾಯ್ತಾ ಇದ್ದಾಳೆ" ಎಂದರು.

ಒಳಕೋಣೆಯ ಕಿಟಕಿಗೆ ಕಪ್ಪು ಕಂಬಳಿ ಹೊಡೆದಿದ್ದರು. ಮಂಚದ ಮೇಲೆ ರಮಿತಾ ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡು ಮಲಗಿದ್ದಳು. ಇಪ್ಪತ್ತಾರು ವರ್ಷದವಳು ಹನ್ನೆರಡರವಳಷ್ಟು ಸಣ್ಣಗೆ ಕಾಣುತ್ತಿದ್ದಳು. ಪರದೆಯ ಸರಳಿಗೆ ಖಾಲಿ ಬಾಟಲಿ ನೇತುಹಾಕಿತ್ತು. ಮುರಾರಿ ಮಗಳ ಪಾದ ತಿಕ್ಕುತ್ತ ಕುಳಿತಿದ್ದರು. ಎದ್ದರು. ಓಡಲಿಲ್ಲ, ಏನೂ ಗೊತ್ತಿಲ್ಲದವರಂತೆ ನಟಿಸಲಿಲ್ಲ.

"ಮೇಡಂ, ಒಂದು ಗಂಟೆ ಕೊಡಿ. ಇವತ್ತಿನದ್ದು ಹಾಕಿ ಆಗ್ಲಿ. ನಾನೇ ನಿಮ್ಮ ಜೊತೆ ಬರ್ತೇನೆ."

"ಔಷಧ ಎಲ್ಲಿ?"

"ಉಂಟು. ಜಾಗ್ರತೆಯಲ್ಲಿ ಇಟ್ಟಿದ್ದೇನೆ."

ಅಡಿಗೆಮನೆಗೆ ಕರೆದೊಯ್ದರು. ಫ್ರಿಜ್ಜಿನ ಬಾಗಿಲಿಗೆ ಆಸ್ಪತ್ರೆಯ ಆ ಹಾಳೆ ಅಂಟಿಸಿತ್ತು, ಕೆಳಗಿನ ಅಂಚು ಹರಿದಿತ್ತು. ಮುರಾರಿ ಮೇಲಿನ ಫ್ರೀಜರ್ ತೆರೆದು ಐಸ್‌ಕ್ರೀಮಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೊರತೆಗೆದರು. ಒಳಗೆ ಹದಿನೈದು ಬಾಟಲಿಗಳು. ಮೇಲೆಲ್ಲ ಬಿಳಿ ಹಿಮ ಕೂತಿತ್ತು.

"ತಂಪಿನಲ್ಲೇ ಇಡಬೇಕು ಅಂತ ಬರೆದಿತ್ತಲ್ಲ. ಇಲ್ಲಿ ಕರೆಂಟ್ ಹೋಗ್ತಾ ಇರ್ತದೆ. ಹಾಗಾಗಿ ಮೇಲಿಟ್ಟೆ."

"ಯಾವಾಗಿನಿಂದ ಇಲ್ಲಿದೆ?"

"ನಿನ್ನೆ ಮನೆಗೆ ತಂದ ಕೂಡಲೇ ಇಟ್ಟದ್ದು. ಸಂಜೆ ಮೂರು ಬಾಟಲಿ ತೆಗೆದು, ಕರಗಿಸಿ ಹಾಕಿದ್ದೇವೆ. ಹಾಕಿದ ಮೇಲೆ ಮೈ ನಡುಗಿತು. ಔಷಧ ಕೆಲಸ ಮಾಡ್ತಾ ಉಂಟು ಅಂತ ಇವಳಿಗೆ ಹೇಳಿದೆ."

ಮುಕ್ತಾ ಬಾಲ್ಕನಿಗೆ ಹೋಗಿ ಸಂಜನಾರಿಗೆ ಫೋನ್ ಮಾಡಿದರು.

"ಗಟ್ಟಿಯಾಗಿದೆಯಾ?" ಎಂದು ಸಂಜನಾ ಕೇಳಿದರು.

"ಕಲ್ಲಿನ ಹಾಗಿದೆ."

"ಬಿಸಾಡಬೇಕು. ಇಬ್ಬರಿಗೂ ಹಾಕುವಂತಿಲ್ಲ. ನಿನ್ನೆ ಅವಳಿಗೆ ಹೋದದ್ದೂ ಔಷಧವಲ್ಲ."

ಒಳಗೆ ಬಂದು ಮುಕ್ತಾ ಅದನ್ನು ಹಾಗೆಯೇ ಹೇಳಿದರು. ಮೆಲ್ಲಗೆ ಹೇಳಲು ಬೇರೆ ದಾರಿ ಅವರಿಗೆ ತೋಚಲಿಲ್ಲ. ಪದ್ಮಾವತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಮುರಾರಿ ಡಬ್ಬಿಯನ್ನು ಕೆಳಗಿಡಲಿಲ್ಲ. ಜೈಭೀಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಳ್ಳಬೇಕಾಯಿತು.

6.20ಕ್ಕೆ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಲಕ್ಷ್ಮೀಕಾಂತ ಮತ್ತು ಜೈಭೀಮ ಬೆಡ್‌ಶೀಟಿನ ಎರಡು ತುದಿ ಹಿಡಿದು ರಮಿತಾಳನ್ನು ಮೂರು ಮಹಡಿ ಇಳಿಸಿದರು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದವು. ಮುರಾರಿ ಯಾರ ಮುಖವನ್ನೂ ನೋಡದೆ ಹಿಂದೆ ಇಳಿದರು. ಮಗಳನ್ನು ಒಳಗೆ ಹಾಕುವಾಗ ಮಾತ್ರ, "ತಲೆ ಜಾಗ್ರತೆ, ತಲೆ" ಎಂದರು.

ಬಾಟಲಿಗಳು, ಹಾಳೆ, ಡ್ರಿಪ್ ಸೆಟ್‌ಗಳ ಜಪ್ತಿ ಪಂಚನಾಮೆ ಮುಗಿದಾಗ 7.05. ಹರಿದ ಹಾಳೆಯ ಅಂಚು ಲಕೋಟೆಯಲ್ಲಿದ್ದ ಪಟ್ಟಿಗೆ ಸರಿಯಾಗಿ ಕೂಡಿತು. ಮುರಾರಿ ಉಡುಪರನ್ನು ಬಂಧಿಸಲಾಯಿತು. ಲಕ್ಷ್ಮೀಕಾಂತನಿಗೆ ನೋಟೀಸು ಕೊಟ್ಟು ವೈದ್ಯಕೀಯ ತಪಾಸಣೆಗೆ ಕಳಿಸಿದರು. ಅವನ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು ಅವನನ್ನು ಮನೆಗೆ ಬಿಡಲಿಲ್ಲ. ಕ್ಷಯವಿತ್ತು.

ಫೆಬ್ರವರಿ 13, ಗುರುವಾರ. ಬೆಳಿಗ್ಗೆ 9.15ಕ್ಕೆ ಮುಂಬಯಿಯಿಂದ ಹೊಸ ಔಷಧ ಬಂತು. 9.40ಕ್ಕೆ ವಿಠಲನಿಗೆ ಡ್ರಿಪ್ ಹಚ್ಚಿದರು. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ, 10.50ಕ್ಕೆ, ಅವನ ಉಸಿರು ನಿಂತಿತು.

ಮುಕ್ತಾ ಹೇಳಿಕೆ ತೆಗೆದುಕೊಳ್ಳಲು ಹೋದಾಗ ಸಂಜನಾ ಕೋಣೆಯಲ್ಲಿ ನಿಂತೇ ಇದ್ದರು. "ಎರಡು ದಿನ ತಪ್ಪಿದ್ದರಿಂದಲೇ ಹೋದ ಅಂತ ನಾನು ಬರೆದುಕೊಡಲಾರೆ. ತಪ್ಪದಿದ್ದರೆ ಉಳಿಯುತ್ತಿರಲಿಲ್ಲ ಅಂತಲೂ ಬರೆಯಲಾರೆ" ಎಂದರು. ಹೇಳಿಕೆಯಲ್ಲಿ ಆ ಎರಡೂ ವಾಕ್ಯಗಳು ಹಾಗೆಯೇ ದಾಖಲಾದವು. ಸಾವಿಗೆ ಸಂಬಂಧಿಸಿದ ಬೇರೆ ಕಲಂ ಸೇರಿಸುವ ವಿಷಯ ಸರಕಾರಿ ವಕೀಲರ ಅಭಿಪ್ರಾಯಕ್ಕೆ ಹೋಯಿತು.

ವಿಠಲನಿಗೆಂದು ಬಂದ ಉಳಿದ ಔಷಧವನ್ನು ಮೇಲಿನ ಮಹಡಿಯ ಮಹಿಳಾ ವಾರ್ಡಿಗೆ ಕಳಿಸಿದರು. ಹಿಂದಿನ ರಾತ್ರಿ ಅಲ್ಲಿ ಸೇರಿಸಿದ್ದ ರಮಿತಾಳಿಗೆ ಹಾಕಲು.

ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆ ಪದ್ಮಾವತಿ ಒಬ್ಬರೇ ಕುಳಿತಿದ್ದರು. ಶವ ಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಭೀಮಮ್ಮ ಹೊರಬಂದಳು. ಕದ್ದದ್ದು ಯಾರು, ಯಾಕೆ ಎಂಬುದನ್ನು ಜೈಭೀಮ ಬೆಳಿಗ್ಗೆಯೇ ಆಕೆಗೆ ಹೇಳಿದ್ದ; ಮುಚ್ಚಿಡಲು ಅವನಿಗೆ ಮನಸ್ಸಾಗಿರಲಿಲ್ಲ. ಭೀಮಮ್ಮ ಮೆಟ್ಟಿಲ ಬಳಿ ನಿಂತಳು. ಬೆರಳಿನ ಶಾಯಿ ಇನ್ನೂ ಒಣಗಿರಲಿಲ್ಲ. ಜಗಳವಾದೀತೆಂದು ಜೈಭೀಮ ಎರಡು ಹೆಜ್ಜೆ ಮುಂದೆ ಬಂದ.

"ನೀ ಕ್ಯಾಂಟೀನ್ ಸಾಹುಕಾರ್ರ ಹೆಂಡತಿ ಏನವ್ವಾ?"

ಪದ್ಮಾವತಿ ಹೌದೆಂದು ತಲೆಯಾಡಿಸಿದರು.

"ನನ್ ಮಗನ ಸೂಜಿ ನಿನ್ ಮಗಳ ಮೈಗಿ ಹತ್ತಿತೇನು?"

"ಇಲ್ಲ."

"ಹಂಗಾರ ಯಾರಿಗೂ ಹತ್ತಲಿಲ್ಲ" ಎಂದಳು ಭೀಮಮ್ಮ. "ಈಗ ಬಂದದ್ದಾದ್ರೂ ಸರಿಯಾಗಿ ಹಾಕ್ಸು" ಎಂದು ಹೇಳಿ ಗೋಡೆ ಹಿಡಿದುಕೊಂಡು ಕೆಳಗಿಳಿದಳು.

ಮಧ್ಯಾಹ್ನ 12.30. ಮುರಾರಿಯವರನ್ನು ಕೋರ್ಟಿಗೆ ಹಾಜರುಪಡಿಸಲು ವ್ಯಾನು ಸಿದ್ಧವಾಗಿತ್ತು. ಮುಕ್ತಾ ಲಾಕಪ್ಪಿನಿಂದ ಅವರನ್ನು ಕರೆಸಿ ಕುರ್ಚಿ ಕೊಟ್ಟರು. ವಿಠಲ ಸತ್ತ ಸುದ್ದಿ ತಿಳಿಸಿದರು.

ಮುರಾರಿ ತಮ್ಮ ಅಂಗೈ ನೋಡಿಕೊಂಡರು. "ಅವನ ತಾಯಿಗೆ ದಿನಾ ಗಂಜಿ ನಾನೇ ಕೊಡ್ತಿದ್ದೆ. ದೊಡ್ಡ ಆಸ್ಪತ್ರೆ, ಸಂಜೆಯೊಳಗೆ ಬೇರೆ ತರಿಸ್ತಾರೆ ಅಂತ ಗ್ರಹಿಸಿದ್ದೆ. ಗುರುವಾರ ಅಂತ ನೀವು ಹೇಳಿದಾಗ ವಾಪಸ್ ಇಡುವ ಅಂತ ಒಮ್ಮೆ ಅನ್ನಿಸಿದ್ದು ಹೌದು. ಇಡಲಿಲ್ಲ."

"ಮಗಳನ್ನು ಅದೇ ಆಸ್ಪತ್ರೆಗೆ ಸೇರಿಸಬಹುದಿತ್ತಲ್ಲ? ಅದೇ ಔಷಧವನ್ನು ಅವರೇ ಹಾಕ್ತಿದ್ದರು."

"ಮಗಳ ಪರೀಕ್ಷೆ ಮಾಡಿಸಿದ ಮಾಜಿವಾಡಾದ ಡಾಕ್ಟ್ರೂ ಅದೇ ಹೇಳಿದ್ರು. ಇವತ್ತೇ ಸೇರಿಸಿ ಅಂದ್ರು."

"ಮತ್ತೆ?"

"ಸೇರಿಸಿದ್ರೆ ಹೆಸರು ಬರೀಬೇಕು. ಅಲ್ಲಿ ಎಲ್ಲರಿಗೂ ನಾನು ಗೊತ್ತು. ಮಗಳಿಗೆ ಆ ಕಾಯಿಲೆ ಅಂತ ಗೊತ್ತಾದ ಮೇಲೆ ನನ್ನ ಕೈಯ ಇಡ್ಲಿ ಯಾರು ತಿಂತಾರೆ? ಅವಳನ್ನು ಹೇಗೆ ನೋಡ್ತಾರೆ?"

"ಹಾಗೇ ಆಗುತ್ತದೆ ಅಂತ ನಿಮಗೆ ಹೇಗೆ ಗೊತ್ತು?"

"ಗೊತ್ತುಂಟು ಮೇಡಂ. ನಾನೇ ಮಾಡಿದ್ದೇನೆ."

ಮುಕ್ತಾ ಪೆನ್ನು ಕೆಳಗಿಟ್ಟರು. ಪೊಲೀಸರ ಮುಂದೆ ಹೇಳಿದ ಮಾತು ಹೇಗೂ ಸಾಕ್ಷ್ಯವಾಗುವುದಿಲ್ಲ.

"ಹದಿನಾಲ್ಕು ವರ್ಷದ ಹಿಂದೆ. ನನ್ನಲ್ಲಿ ಪೂವಪ್ಪ ಅಂತ ಒಬ್ಬ ಇದ್ದ. ಪಾತ್ರೆ ತೊಳೀತಿದ್ದ, ಹಿಟ್ಟು ರುಬ್ತಿದ್ದ. ಏಳು ವರ್ಷ ನನ್ನ ಜೊತೆಗೇ ಇದ್ದವ. ರಮಿತಾಳನ್ನು ಶಾಲೆಯಿಂದ ಕರ್ಕೊಂಡು ಬರ್ತಿದ್ದದ್ದು ಅವನೇ. ಒಂದು ದಿನ ಅವನ ಚೀಲದಲ್ಲಿ ಆ ಕಾಯಿಲೆಯ ಮಾತ್ರೆ ಸಿಕ್ಕಿತು. ಅವನ ಲೋಟ ಬೇರೆ ಇಟ್ಟೆ. ನಾಲ್ಕು ದಿನ ಬಿಟ್ಟು ನಾಳೆಯಿಂದ ಬರ್ಬೇಡ ಅಂದೆ. ಹೋಗುವಾಗ ಅವನು ಹುಡುಗಿಗೆ ಚಾಕಲೇಟ್ ಕೊಟ್ಟಿದ್ದ. ಅದನ್ನು ಅವಳ ಕೈಯಿಂದ ಕಿತ್ತು ಕಿಟಕಿಯ ಹೊರಗೆ ಹಾಕಿದೆ. ಅವನು ಕೆಳಗೆ ನಿಂತು ನೋಡ್ತಾ ಇದ್ದ."

ಹೊರಗೆ ವ್ಯಾನಿನ ಡ್ರೈವರ್ ಹಾರ್ನ್ ಒತ್ತಿದ. ಜೈಭೀಮ ಬಾಗಿಲಲ್ಲಿ ಬಂದು ನಿಂತ. ಮುಕ್ತಾ ಕೈಸನ್ನೆಯಿಂದ ಅವನನ್ನು ತಡೆದರು.

"ಆಮೇಲೆ ಪೂವಪ್ಪ ಎಲ್ಲಿಗೆ ಹೋದ?"

ಮುರಾರಿ ಎದ್ದು ನಿಂತಿದ್ದರು.

"ನಾನು ಕೇಳಲಿಲ್ಲ ಮೇಡಂ."